ಹಳೇ ವಿನೈಲ್ ಗೊಂಬೆ: ಕೆನ್ನೆ ಮೇಲೆ ಪೆನ್ನಿನ ಗೀಟು, ಕಿವಿ ಹಸಿರು, ಕಾಲು ಅಂಟಂಟು

ಪ್ರಶ್ನೆ

1960ರ ದಶಕದ ಗೊಂಬೆ. ತಲೆ, ಕೈಕಾಲು ಮೆತ್ತನೆಯ ವಿನೈಲ್. ಮೈ ಗಟ್ಟಿ ಪ್ಲಾಸ್ಟಿಕ್. ಮಲಗಿಸಿದರೆ ಕಣ್ಣು ಮುಚ್ಚುವ ಬಗೆಯದು, ಆದರೆ ಎಡಗಣ್ಣು ಅರ್ಧಕ್ಕೇ ನಿಲ್ಲುತ್ತದೆ. ಕೆನ್ನೆ ಮೇಲೆ ಬಾಲ್ ಪೆನ್ನಿನ ಗೀಟು, ಓಲೆ ಚುಚ್ಚಿದ ಕಡೆ ಹಸಿರು ಕಲೆ. ಕಾಲು ಮುಟ್ಟಿದರೆ ಅಂಟುತ್ತದೆ. ತಲೆಗೇ ನೆಟ್ಟ ಕೂದಲು ಗಂಟುಗಂಟಾಗಿದೆ. ಪೂರ್ತಿ ನೀರಲ್ಲಿ ಮುಳುಗಿಸಿ ತೊಳೆಯಬಹುದೇ? ಗೀಟಿಗೆ ನೇಲ್ ಪಾಲಿಶ್ ರಿಮೂವರ್ ಆಗುತ್ತದೆಯೇ?

ಉತ್ತರ 1

ಎರಡೂ ಬೇಡ. ಕಣ್ಣಿನ ಹಿಂದೆ ಲೋಹದ ಭಾಗ, ತೂಕದ ಗುಂಡು ಇರುತ್ತವೆ. ನೀರು ಹೋದರೆ ತುಕ್ಕು ಹಿಡಿದು ಕಣ್ಣು ಪೂರ್ತಿ ಕಚ್ಚಿಕೊಳ್ಳುತ್ತದೆ. ರಿಮೂವರ್‌ನಲ್ಲಿರುವ ಅಸಿಟೋನ್ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ತುಟಿ ಹುಬ್ಬಿನ ಬಣ್ಣ ಎಬ್ಬಿಸುತ್ತದೆ, ಶಾಯಿಯನ್ನು ವಿನೈಲ್‌ನೊಳಗೆ ಇನ್ನೂ ಹರಡುತ್ತದೆ.

ಮೊದಲು ಒಣ ಮೆತ್ತನೆ ಬ್ರಷ್‌ನಿಂದ ದೂಳು ತೆಗೆಯಿರಿ. ಓಲೆ ಇನ್ನೂ ಕಿವಿಯಲ್ಲಿದ್ದರೆ ಈಗಲೇ ಕಳಚಿ, ಏಕೆಂದರೆ ಆ ಹಸಿರು ಓಲೆಯ ತಾಮ್ರದಿಂದಲೇ ಬರುವುದು. 1959ರಲ್ಲಿ ಬಂದ ಬಾರ್ಬಿಯ ಆರಂಭದ ಗೊಂಬೆಗಳಲ್ಲೂ ಇದೇ ಕಾಟ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಕಣ್ಣಿನ ಸಂದಿಗೆ ಹತ್ತಿ ಕಡ್ಡಿ ಸಾಕು. ಮೆಲಮೈನ್ ಸ್ಪಂಜು (ಗೋಡೆಯ ಕಲೆ ಉಜ್ಜುವ ಬಿಳಿ ಸ್ಪಂಜು) ನಯವಾದ ಮರಳು ಕಾಗದದ ಹಾಗೆ ಕೆಲಸ ಮಾಡುತ್ತದೆ, ಮುಖದ ಹತ್ತಿರ ತರಬೇಡಿ.

ಗೀಟಿಗೆ ಮದ್ದು 10% ಬೆಂಜಾಯಿಲ್ ಪೆರಾಕ್ಸೈಡ್ ಇರುವ ಮೊಡವೆ ಕ್ರೀಮ್. ಅದು ಶಾಯಿಯ ಬಣ್ಣವನ್ನೇ ಒಡೆಯುತ್ತದೆ, ಬಿಸಿಲಿದ್ದರೆ ಬೇಗ. ಅಂಗಾಲಿನಂಥ ಕಾಣದ ಜಾಗದಲ್ಲಿ ಪರೀಕ್ಷಿಸಿ. ಸರಿಬಂದರೆ ಹಲ್ಲುಕಡ್ಡಿಯ ತುದಿಯಿಂದ ಗೀಟಿನ ಮೇಲೆ ಮಾತ್ರ ಇಟ್ಟು, ಒಣಗದಂತೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಸಿಲಲ್ಲಿಡಿ. ಗಂಟೆಗೊಮ್ಮೆ ನೋಡಿ, ಸಂಜೆ ಒರೆಸಿ, ಮರುದಿನ ಹೊಸದಾಗಿ ಹಚ್ಚಿ. ಗೀಟು ಮಸುಕಾಗಲು ಹಲವು ದಿನ ಬೇಕಾದೀತು. ಅವಸರಕ್ಕೆ ದಪ್ಪಗೆ ಬಳಿದರೆ ಸುತ್ತಲಿನ ಮೈಬಣ್ಣವೂ ಬಿಳಿಚಿಕೊಂಡು ಬೊಟ್ಟು ಬೀಳುತ್ತದೆ. ಅದನ್ನು ಮರಳಿ ತರಲು ಆಗದು. ಕ್ರೀಮ್ ಕೂದಲು, ಬಟ್ಟೆಯ ಬಣ್ಣವನ್ನೂ ತೆಗೆಯುತ್ತದೆ. ಕಿವಿಗೂ ಇದೇ ಕ್ರಮ, ಆದರೆ ಆಳಕ್ಕಿಳಿದ ಹಸಿರು ಪೂರ್ತಿ ಹೋಗುವುದು ಅಪರೂಪ.

ಉತ್ತರ 2

ಕಾಲಿನ ಅಂಟಿನ ಬಗ್ಗೆ ಸೇರಿಸುತ್ತೇನೆ. ಅದು ಕೊಳೆಯಲ್ಲ. ವಿನೈಲ್ ಮೆತ್ತಗಿರಲೆಂದು ಬೆರೆಸಿದ ಪ್ಲಾಸ್ಟಿಸೈಜರ್ ಮೇಲಕ್ಕೆ ಜಿನುಗುತ್ತಿದೆ. ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ, ಟಾಲ್ಕಂ ಪೌಡರ್ ತೆಳ್ಳಗೆ ಸವರಿ. ತಿಂಗಳುಗಳ ನಂತರ ಮತ್ತೆ ಅಂಟಬಹುದು, ಆಗ ಮತ್ತೆ ಒರೆಸುವುದೇ ದಾರಿ. ಸ್ಪಿರಿಟ್ ಹಚ್ಚಿದರೆ ತಕ್ಷಣ ಒಣಗಿದಂತೆ ಕಂಡರೂ ಅದು ಒಳಗಿನ ಪ್ಲಾಸ್ಟಿಸೈಜರನ್ನೂ ಎಳೆದು ಕಾಲನ್ನು ಬಿರುಸಾಗಿಸುತ್ತದೆ. ಆ ಕಾಲು ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿಕೊಂಡು ವರ್ಷಗಟ್ಟಲೆ ಬಿದ್ದಿದ್ದರೆ, ತಾಗಿದ ಜಾಗ ಕರಗಿ ಗುಳಿ ಬೀಳುತ್ತದೆ. ನಡುವೆ ಸಿಲಿಕೋನ್ ಲೇಪದ ಬೇಕಿಂಗ್ ಕಾಗದ ಇಡಿ. ಮಾಮೂಲಿ ಕಾಗದ ಅಂಟಿ ಹರಿಯುತ್ತದೆ. ತಂಪಾದ, ಕತ್ತಲಿರುವ ಜಾಗ ಒಳ್ಳೆಯದು.

ಪ್ರಶ್ನೆ ಕೇಳಿದವರು

ಧನ್ಯವಾದ. ಕಣ್ಣು ಮತ್ತು ಕೂದಲು? ಕುದಿಯುವ ನೀರು ಸುರಿದರೆ ಕೂದಲು ನೇರವಾಗುತ್ತದೆ ಎನ್ನುತ್ತಾರೆ.

ಉತ್ತರ 3

ಗೊಂಬೆ ಕೂದಲಿಗೆ ಬಳಸುವ ಕೃತಕ ನಾರುಗಳಲ್ಲಿ ಸರಾನ್ ಆದರೆ ಸರಿ, ಕನೆಕಲಾನ್ ಆದರೆ ಸುಕ್ಕುಗಟ್ಟಿ ಹಾಳು. ಸರಾನ್ ಭಾರ, ನುಣುಪು, ಹೊಳಪು. ಕನೆಕಲಾನ್ ಹಗುರ, ಮೆತ್ತಗೆ. ಗೊತ್ತಾಗದಿದ್ದರೆ ಒಳಸಾಲಿನ ಒಂದೆರಡು ಎಳೆ ಕತ್ತರಿಸಿ ಬಿಸಿನೀರಿಗೆ ಹಾಕಿ ನೋಡಿ. ಅನುಮಾನ ಉಳಿದರೆ ಉಗುರುಬೆಚ್ಚಗಿನ ನೀರೇ ಸಾಕು.

ಕೂದಲು ನೆಟ್ಟ ತೂತುಗಳಿಂದಲೂ ನೀರು ತಲೆಯೊಳಗೆ ಇಳಿಯುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಆದ್ದರಿಂದ ಬುಡ ನೆನೆಸದೆ ತುದಿಭಾಗವನ್ನು ಮಾತ್ರ ಬಟ್ಟಲಿನಲ್ಲಿ ಅದ್ದಿ. ಒಂದು ಲೀಟರ್ ನೀರಿಗೆ ಒಂದು ಚಮಚ ಬಟ್ಟೆಯ ಕಂಡಿಷನರ್, 10 ನಿಮಿಷ. ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ, ಬುಡವನ್ನು ಬೆರಳಲ್ಲಿ ಒತ್ತಿ ಹಿಡಿದು ಬಿಡಿಸಿ. ಬುಡದಿಂದ ಎಳೆದರೆ ಕುಚ್ಚು ಕುಚ್ಚಾಗಿ ಕಿತ್ತು ಬರುತ್ತದೆ.

ಕಣ್ಣಿಗೆ: ಬೆರಳಲ್ಲಿ ಒತ್ತಬೇಡಿ, ಒಳಗೆ ಕಳಚಿಕೊಳ್ಳಬಹುದು. ಸೂಜಿ ತುದಿಯಲ್ಲಿ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ರೆಪ್ಪೆಯ ಸಂದಿಗೆ ಬಿಡಿ, ರಾತ್ರಿಯಿಡೀ ಮಲಗಿಸಿ, ಬೆಳಿಗ್ಗೆ ಮೆಲ್ಲಗೆ ಅತ್ತಿತ್ತ ಬಾಗಿಸಿ. ಆಗಲೂ ಬಾರದಿದ್ದರೆ ಒಳಗಡೆ ನೋಡಲು ತಲೆ ಕಳಚಬೇಕಾಗುತ್ತದೆ. ಕುತ್ತಿಗೆಗೆ ಹೇರ್ ಡ್ರೈಯರ್ ಬೆಚ್ಚಗಿನ ಗಾಳಿ ಎರಡು ಮೂರು ನಿಮಿಷ ಕೊಟ್ಟು, ವಿನೈಲ್ ಮೆತ್ತಗಾದ ಮೇಲೆ ತಿರುಗಿಸುತ್ತಾ ಎತ್ತಿ. ತಣ್ಣಗಿರುವಾಗ ಎಳೆದರೆ ಕುತ್ತಿಗೆಯ ಅಂಚು ಸೀಳುತ್ತದೆ.

ಇದನ್ನು ಓದಿ ಬೇರೆ ಗೊಂಬೆಗೆ ಪ್ರಯೋಗಿಸುವವರಿಗೆ ಒಂದು ಮಾತು: ಹಗುರವಾಗಿ, ತೆಳ್ಳಗಿದ್ದು, ಉಜ್ಜಿದರೆ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೇ ಬಗೆಯ ಪ್ಲಾಸ್ಟಿಕ್. ಬೇಗ ಬೆಂಕಿ ಹತ್ತುವ ವಸ್ತು, ಡ್ರೈಯರ್ ಆಗಲಿ, ಯಾವ ಪ್ಲಾಸ್ಟಿಕ್ ಎಂದು ತಿಳಿಯಲು ಬಿಸಿ ಸೂಜಿ ಚುಚ್ಚಿ ನೋಡುವುದಾಗಲಿ ಕೂಡದು. ಮರದ ಪುಡಿ, ಅಂಟು ಕಲಸಿ ಮಾಡಿದ ಕಾಂಪೊಸಿಷನ್ ಗೊಂಬೆಗೆ ಒದ್ದೆ ಬಟ್ಟೆಯೂ ಬೇಡ, ಬಣ್ಣದ ಪದರ ಉಬ್ಬಿ ಏಳುತ್ತದೆ.