ಪದಚರ್ಚೆ: ಸಂವೇದಕ ಜಾಲಗಳ ಸಂದರ್ಭದಲ್ಲಿ ‘ಮಿಡಲ್‌ವೇರ್’

ಮಾನ್ಯರೇ,

ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ನಿಸ್ತಂತು ಸಂವೇದಕ ಜಾಲಗಳ ಕುರಿತು ಕನ್ನಡದಲ್ಲಿ ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಸಂವೇದಕ, ನಿಸ್ತಂತು ಎಂಬ ಪದಗಳು ರೂಢಿಗೆ ಬಂದಿರುವುದರಿಂದ ಅವುಗಳಲ್ಲಿ ತೊಡಕಿಲ್ಲ. ತೊಡಕಿರುವುದು ‘ಮಿಡಲ್‌ವೇರ್’ ಎಂಬಲ್ಲಿ, ಅಂದರೆ ಕಾರ್ಯಾಚರಣ ವ್ಯವಸ್ಥೆಗೂ (ಆಪರೇಟಿಂಗ್ ಸಿಸ್ಟಮ್) ಬಳಕೆಯ ಅನ್ವಯಕ್ಕೂ (ಅಪ್ಲಿಕೇಶನ್) ನಡುವೆ ನಿಂತು ಕೆಲಸ ಮಾಡುವ ತಂತ್ರಾಂಶದ ಹೆಸರಿನಲ್ಲಿ. ‘ಮಧ್ಯವರ್ತಿ ತಂತ್ರಾಂಶ’ ಎನ್ನೋಣವೆಂದರೆ, ಮೆಕ್ಕೆಜೋಳದ ವಹಿವಾಟಿನ ಈ ಊರಿನಲ್ಲಿ ಆ ಮಾತಿಗೆ ಮೊದಲು ನೆನಪಾಗುವವರು ಎಪಿಎಂಸಿಯ ದಲಾಲರು. ‘ಮಧ್ಯತಂತ್ರಾಂಶ’ ಆ ದೋಷದಿಂದ ಪಾರಾದರೂ, ಅದು ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ, ಏನು ಮಾಡುತ್ತದೆ ಎಂಬುದನ್ನಲ್ಲ.

ಸಾಮಾನ್ಯ ಕಂಪ್ಯೂಟರುಗಳ ಮಟ್ಟಿಗೆ ಅಷ್ಟೇ ಸಾಕಾಗಬಹುದು. ಸಂವೇದಕ ಜಾಲದಲ್ಲಾದರೋ ಆ ‘ಮಧ್ಯ’ವೇ ಅನುಮಾನದ್ದು. ಮೋಟ್ ಎಂದರೆ ಸಂವೇದಕ, ಪುಟ್ಟ ಕಂಪ್ಯೂಟರು, ರೇಡಿಯೋ ಸೇರಿದ, ಜಾಲದ ಒಂದೊಂದು ಬಿಡಿ ಸಾಧನ. ಮೈಕಾ-2 ಎಂಬ ಮೋಟ್‌ನಲ್ಲಿರುವುದು 4 ಕಿಲೋಬೈಟ್ ರ‍್ಯಾಮ್, 128 ಕಿಲೋಬೈಟ್ ಫ್ಲ್ಯಾಶ್, ಎರಡು ಎಎ ಬ್ಯಾಟರಿ. ಮೋಟ್‌ಗಳ ಕಾರ್ಯಾಚರಣ ವ್ಯವಸ್ಥೆಯಾದ ಟೈನಿಓಎಸ್‌ನಲ್ಲಿ ನೆಸ್‌ಸಿ ಎಂಬ ಭಾಷೆಯಲ್ಲಿ ಬರೆದ ಅನ್ವಯವೂ ಅದಕ್ಕೆ ಬೇಕಾದ ವ್ಯವಸ್ಥೆಯ ಘಟಕಗಳೂ ಒಟ್ಟಿಗೆ ಕಂಪೈಲಾಗಿ (ಯಂತ್ರಭಾಷೆಗೆ ಬದಲಾಗಿ), ಒಂದೇ ಗಂಟಾಗಿ ಮೋಟ್‌ಗೆ ಇಳಿಯುತ್ತವೆ. ಮೇಲು-ಕೆಳಗೆಂಬ ಪದರಗಳು ನಮ್ಮ ಚಿತ್ರಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಅಲ್ಲಿ ಉಳಿಯುವುದಿಲ್ಲ.

ಇನ್ನು, ಈ ಒಂದೇ ಹೆಸರಿನಡಿ ಬರುವ ತಂತ್ರಾಂಶಗಳ ಕೆಲಸಗಳೂ ಬೇರೆಬೇರೆ. ಹೊಳಲ್ಕೆರೆ ಕಡೆಯ ಅಡಿಕೆ ತೋಟವೊಂದರಲ್ಲಿ ಮಣ್ಣಿನ ತೇವ ಅಳೆಯುವ ಮೋಟ್‌ಗಳನ್ನು ಹೂತಿದ್ದೇವೆಂದು ಭಾವಿಸೋಣ. ಟೈನಿಡಿಬಿ ಎಂಬ ಮಿಡಲ್‌ವೇರ್‌ನಲ್ಲಿ ‘ಸರಾಸರಿ ತೇವ ಎಷ್ಟು’ ಎಂದು, ದತ್ತಸಂಚಯಗಳಿಗೆ (ಡೇಟಾಬೇಸ್) ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆಯ ಮಾದರಿಯ ಪ್ರಶ್ನೆಯೊಂದನ್ನು ಬರೆದರೆ ಸಾಕು. ಪ್ರತಿಯೊಂದು ಮೋಟ್ ಜಾಲದಲ್ಲಿ ತನ್ನ ಮೂಲಕ ಮಾಹಿತಿ ಕಳಿಸುವ ಕೆಳಗಿನ ಮೋಟ್‌ಗಳಿಂದ ಬಂದ ಮೊತ್ತಕ್ಕೂ ಎಣಿಕೆಗೂ ತನ್ನದನ್ನು ಸೇರಿಸಿ, ಆ ಎರಡು ಸಂಖ್ಯೆಗಳನ್ನು ಮಾತ್ರ ಮೇಲಕ್ಕೆ ರವಾನಿಸುತ್ತದೆ. (ಬರೀ ಸರಾಸರಿಗಳನ್ನು ಕಳಿಸಿ ಮತ್ತೆ ಅವುಗಳ ಸರಾಸರಿ ತೆಗೆದರೆ ಲೆಕ್ಕ ತಪ್ಪಬಹುದು, ಪರೀಕ್ಷೆಗೆ ಒಳ್ಳೆಯ ಪ್ರಶ್ನೆ.) ರೇಡಿಯೋ ಬಳಕೆಯೇ ಬ್ಯಾಟರಿಗೆ ದುಬಾರಿಯಾದ್ದರಿಂದ ಉಳಿತಾಯವಾಗುವುದು ಇಲ್ಲಿಯೇ. ತನ್ನ ಗದ್ದೆಗೆ ನೀರು ಬೇಕೆಂದಷ್ಟೇ ರೈತ ಹೇಳಿ, ಯಾವ ತೂಬನ್ನು ಯಾವಾಗ ಎತ್ತಬೇಕೆಂಬುದನ್ನು ನೀರುಗಂಟಿಗೆ ಬಿಡುವಂಥ ವ್ಯವಸ್ಥೆಯಿದು.

2002ರಲ್ಲಿ ಬಂದ ಮಾಟೆ ಹಾಗಲ್ಲ. ಅದೊಂದು ಪುಟ್ಟ ವರ್ಚುವಲ್ ಮಷಿನ್, ಅಂದರೆ ತಂತ್ರಾಂಶದಲ್ಲೇ ಕಟ್ಟಿದ ಕಲ್ಪಿತ ಯಂತ್ರ: ತಲಾ ಒಂದು ಬೈಟಿನ 24 ಆದೇಶಗಳವರೆಗಿನ ಕ್ರಮವಿಧಿಯ (ಪ್ರೋಗ್ರಾಮ್) ತುಣುಕು ಒಂದೇ ಪ್ಯಾಕೆಟ್ಟಿನಲ್ಲಿ ಹಿಡಿಸಿ, ಮೋಟ್‌ನಿಂದ ಮೋಟ್‌ಗೆ ಸೋಂಕಿನಂತೆ ಹರಡುತ್ತದೆ. ಹೂತಿಟ್ಟ ಮೋಟ್‌ಗಳನ್ನು ಅಗೆದು ತೆಗೆಯದೆಯೇ ಅವುಗಳ ಕೆಲಸವನ್ನು ಬದಲಿಸುವುದು ಇದರ ಗುರಿ. ಟೈನಿಡಿಬಿಯದು ಜಾಲವನ್ನು ಮರೆಮಾಡುವ ಬಗೆ, ಮಾಟೆಯದು ಜಾಲಕ್ಕೆ ಹೊಸ ಪಾಠ ಹೇಳುವ ಬಗೆ. ಎರಡನ್ನೂ ವಿವರಿಸಬಲ್ಲ ಒಂದೇ ಕನ್ನಡ ಪದ ಸಿಗುವುದು ಕಷ್ಟ. ಆದ್ದರಿಂದ ಇಡೀ ವರ್ಗಕ್ಕೆ ‘ಮಿಡಲ್‌ವೇರ್’ ಎಂಬುದನ್ನೇ ಉಳಿಸಿಕೊಂಡು, ಒಳಬಗೆಗಳಿಗೆ ‘ಪ್ರಶ್ನಾಧಾರಿತ’, ‘ಸಂಚಾರಿ ಕ್ರಮವಿಧಿಯ’ ಎಂಬಂಥ ವಿಶೇಷಣಗಳನ್ನು ಸೇರಿಸುವುದು ಲೇಸೆಂಬುದು ನನ್ನ ಅಭಿಪ್ರಾಯ.

ನಿಜವಾಗಿಯೂ ಸಹಾಯ ಬೇಕಿರುವುದು ‘ಮ್ಯಾಕ್ರೋಪ್ರೋಗ್ರಾಮಿಂಗ್’ ಎಂಬುದಕ್ಕೆ. ಕೈರೋಸ್‌ನಂಥ ವ್ಯವಸ್ಥೆಗಳಲ್ಲಿ ಒಂದೊಂದು ಮೋಟ್‌ಗೂ ಬೇರೆಯಾಗಿ ಬರೆಯದೆ, ಇಡೀ ಜಾಲದ ನಡವಳಿಕೆಯನ್ನು ಒಂದೇ ಕ್ರಮವಿಧಿಯಾಗಿ ಬರೆಯುತ್ತಾರೆ. ಅದನ್ನು ಮೋಟ್‌ಗಳಿಗೆ ಹಂಚುವುದು ಕಂಪೈಲರಿನ ಪಾಲು. ‘ಮ್ಯಾಕ್ರೋ’ಗೆ ‘ಸ್ಥೂಲ’ ಎಂದರೆ ಒರಟು ಅಂದಾಜೆಂಬ ಅರ್ಥ ಹೊರಡುತ್ತದೆ. ‘ಬೃಹತ್’ ಎಂದರೆ ಕ್ರಮವಿಧಿಯೇ ದೊಡ್ಡದೆಂದಾಗುತ್ತದೆ, ವಾಸ್ತವದಲ್ಲಿ ಅದು ಚಿಕ್ಕದಾಗುತ್ತದೆ. ಸದ್ಯಕ್ಕೆ ‘ಜಾಲಮಟ್ಟದ ಕ್ರಮವಿಧಿರಚನೆ’ ಎಂದು ಬರೆದುಕೊಂಡಿದ್ದೇನೆ. ಜಾಲದ ನಿರ್ವಹಣೆಗೆಂದು ಬರೆಯುವ ಸಾಮಾನ್ಯ ತಂತ್ರಾಂಶವೆಂದು ಇದನ್ನು ಓದುಗರು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆಯೇ? ಇದ್ದರೆ ಬೇರೆ ಯಾವ ಪದವನ್ನು ಬಳಸಬಹುದೆಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.