ವೈಯಕ್ತಿಕ ದಿವಾಳಿ ಅರ್ಜಿಯನ್ನು ಎಲ್ಲಿ, ಹೇಗೆ ಸಲ್ಲಿಸಬೇಕು?

ಪ್ರಶ್ನೆ (ಕುಮಟಾ):
ಹನ್ನೊಂದು ವರ್ಷ ನಡೆಸಿದ ಬಟ್ಟೆ ಅಂಗಡಿಯನ್ನು ಕಳೆದ ದೀಪಾವಳಿಯ ನಂತರ ಮುಚ್ಚಿದ್ದೇನೆ. ಮನೆಯನ್ನು ಅಡವಿಟ್ಟು ಬ್ಯಾಂಕಿನಿಂದ ತಂದ 9 ಲಕ್ಷ, ಭಾವನ ಜಾಮೀನಿನ ಮೇಲೆ ಸೊಸೈಟಿಯಲ್ಲಿ ಪಡೆದ 3 ಲಕ್ಷ, ಪರಿಚಯದವರ ಕೈಗಡ, ಎಲ್ಲ ಸೇರಿ ಸಾಲ 17 ಲಕ್ಷ ದಾಟಿದೆ. ಕೈಗಡ ಕೊಟ್ಟ ಒಬ್ಬರು ನ್ಯಾಯಾಲಯದಿಂದ ಡಿಕ್ರಿ (ಹಣ ಕೊಡಬೇಕೆಂಬ ತೀರ್ಪು) ಪಡೆದಿದ್ದು, ಅದರ ಅಮಲ್ಜಾರಿ (ತೀರ್ಪು ಜಾರಿಗೆ ತರುವ) ನೋಟೀಸು ಮಡಚಿದ ಹಾಗೆಯೇ ದೇವರ ಗೂಡಿನಲ್ಲಿದೆ. 2016ರ ಹೊಸ ಕಾಯ್ದೆಯಡಿ ದಿವಾಳಿ ಅರ್ಜಿ ಹಾಕಬಹುದೆಂದು ಓದಿದೆ. ಅದನ್ನು ಎಲ್ಲಿ ಸಲ್ಲಿಸಬೇಕು? ಸಲ್ಲಿಸಿದರೆ ಎಲ್ಲ ಸಾಲವೂ ಹೋಗುತ್ತದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಕಾರವಾರ, ವಕೀಲ):
ನೀವು ಓದಿದ ಹೊಸ ಕಾಯ್ದೆ, ಅಂದರೆ 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಿಮಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದರಡಿ ಅಧಿಕಾರವಿರುವುದು ಜಿಲ್ಲಾ ನ್ಯಾಯಾಲಯಕ್ಕೆ, ನಮ್ಮ ಜಿಲ್ಲೆಯದು ಕಾರವಾರದಲ್ಲಿದೆ. ಸಾಲ 500 ರೂಪಾಯಿಯಾದರೂ ಇರಬೇಕೆಂಬ ಆ ಕಾಲದ ಮಿತಿಯೇ ಕಾಯ್ದೆಯಲ್ಲಿ ಉಳಿದಿದೆ.

ಅರ್ಜಿಯಲ್ಲಿ ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಕೊಡಬೇಕಾದ ಮೊತ್ತ, ನಿಮ್ಮ ಆಸ್ತಿಯ ಪೂರ್ಣ ವಿವರ ಇರಬೇಕು. ಚೀಟಿಯಿಲ್ಲದೆ ಪಡೆದ ಐದು ಸಾವಿರವನ್ನೂ ಬಿಡಬೇಡಿ. ನ್ಯಾಯಾಲಯವು ವಿಚಾರಣೆಯ ದಿನ ನಿಗದಿಪಡಿಸಿ, ಸಾಲ ಕೊಟ್ಟವರಿಗೆಲ್ಲ ನೋಟೀಸು ಕಳಿಸಿ, ನೀವು ಸಾಲ ತೀರಿಸಲಾರಿರೆಂಬುದು ರುಜುವಾತಾದರೆ ನಿಮ್ಮನ್ನು ದಿವಾಳಿಯೆಂದು ಘೋಷಿಸುತ್ತದೆ. ಆಗ ಆಸ್ತಿಯು ನ್ಯಾಯಾಲಯ ಅಥವಾ ಅದು ನೇಮಿಸುವ ರಿಸೀವರ್ (ಆಸ್ತಿ ನೋಡಿಕೊಳ್ಳುವವರು) ವಶಕ್ಕೆ ಹೋಗುತ್ತದೆ. ಕೈಗಡದವರು ನ್ಯಾಯಾಲಯದ ಅನುಮತಿಯಿಲ್ಲದೆ ನಿಮ್ಮ ಮೇಲೆ ದಾವೆ ಹೂಡುವಂತಿಲ್ಲ. ಬಂಧನದ ಭಯವಿದ್ದರೆ ರಕ್ಷಣಾ ಆದೇಶವನ್ನೂ ಕೇಳಬಹುದು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಡತಿಯ ಕೊರಳಿನ ಕರಿಮಣಿ ಜಪ್ತಿಗೆ ಬರುವುದಿಲ್ಲ.

ಆದರೆ ಎಲ್ಲ ಸಾಲವೂ ಹೋಗುವುದಿಲ್ಲ. ಅಡವಿಟ್ಟ ಮನೆಯ ಮೇಲೆ ಬ್ಯಾಂಕಿನ ಹಕ್ಕು ಹಾಗೆಯೇ ಇರುತ್ತದೆ. ನ್ಯಾಯಾಲಯ ನಿಮ್ಮನ್ನು ಸಾಲದಿಂದ ಬಿಡುಗಡೆ ಮಾಡಿದರೂ ಜಾಮೀನು ನಿಂತ ಭಾವ ಬಿಡುಗಡೆಯಾಗುವುದಿಲ್ಲ, ಸೊಸೈಟಿಯವರು ಅವರನ್ನೇ ಕೇಳುತ್ತಾರೆ. ಅರ್ಜಿಗೆ ಸಹಿ ಹಾಕುವ ಮೊದಲು ಅವರೊಡನೆ ಕುಳಿತು ಇದನ್ನು ಹೇಳಿಬಿಡಿ.

ಉತ್ತರ (ಶಿರಸಿ):
ನಮ್ಮ ಅಣ್ಣ ಅರ್ಜಿ ಹಾಕುವ ಎಂಟು ತಿಂಗಳ ಮೊದಲು ಅರ್ಧ ಎಕರೆ ಅಡಿಕೆ ತೋಟವನ್ನು ಅತ್ತಿಗೆಯ ಹೆಸರಿಗೆ ದಾನಪತ್ರ ಮಾಡಿದ್ದ. ಅಂಥ ವರ್ಗಾವಣೆಯಾಗಿ ಎರಡು ವರ್ಷದೊಳಗೆ ಅರ್ಜಿ ಬಂದರೆ ಅದನ್ನು ರದ್ದುಪಡಿಸಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತೋಟವೂ ಹೋಯಿತು, ನ್ಯಾಯಾಧೀಶರ ಎದುರು ಅವನ ಮಾತಿನ ತೂಕವೂ ಹೋಯಿತು. ದಯವಿಟ್ಟು ಏನನ್ನೂ ಯಾರ ಹೆಸರಿಗೂ ಮಾಡಬೇಡಿ. ದಿವಾಳಿ ಘೋಷಣೆಯಾದರೆ ಮುಗಿಯಿತೆಂದೂ ತಿಳಿಯಬೇಡಿ. ಆ ಆದೇಶದಲ್ಲಿ ಹೇಳಿದ ಅವಧಿಯೊಳಗೆ ಸಾಲದಿಂದ ಬಿಡುಗಡೆಗೆ ಪ್ರತ್ಯೇಕ ಅರ್ಜಿ ಕೊಡದಿದ್ದರೆ ಘೋಷಣೆಯೇ ರದ್ದಾಗುತ್ತದೆ.

ಪ್ರಶ್ನೆ ಕೇಳಿದವರು (ಕುಮಟಾ):
ಇಬ್ಬರಿಗೂ ಕೃತಜ್ಞತೆಗಳು. ರಾತ್ರಿ ಅಂಗಡಿಯ ಹಳೆಯ ಉದ್ರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯಲು ಕುಳಿತೆ, ಹದಿನಾಲ್ಕು ಹೆಸರಾಯಿತು. ವಕೀಲರ ಶುಲ್ಕಕ್ಕೆ ಹಣವಿಲ್ಲದಿದ್ದರೆ ದಾರಿಯಿದೆಯೇ?

ಉತ್ತರ (ಕಾರವಾರ, ವಕೀಲ):
ಇದೆ. ಕುಮಟಾ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಆದಾಯ ಪ್ರಮಾಣಪತ್ರದೊಡನೆ ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ಅರ್ಹರಿಗೆ ಉಚಿತವಾಗಿ ವಕೀಲರನ್ನು ನೇಮಿಸುತ್ತಾರೆ. ದೇವರ ಗೂಡಿನಲ್ಲಿರುವ ಆ ನೋಟೀಸನ್ನು ತೆಗೆದು, ಅದರಲ್ಲಿರುವ ದಿನಾಂಕವನ್ನು ಇವತ್ತೇ ನೋಡಿ.