‘ಬಿಟ್ಟಿ ದುಡ್ಡು’ ಅಂತಾರಲ್ಲ ಸರ್, ಅಜ್ಜಿಯ ಸಂಧ್ಯಾ ಸುರಕ್ಷಾ ಶುರುವಾಗಿದ್ದು ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನೀವು ಕಂದಾಯ ಇಲಾಖೆಯಲ್ಲಿ ಪಿಂಚಣಿ ಸೆಕ್ಷನ್ ನೋಡಿಕೊಂಡವರು ಅಂತ ಗ್ರೂಪಿನಲ್ಲಿ ಹೇಳಿದರು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಅಜ್ಜಿಗೆ 72. ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ, ಅಂದರೆ ವಯಸ್ಸಾದವರ ಪಿಂಚಣಿ, ಬರುತ್ತಿತ್ತು. ಮೊನ್ನೆ ಮದುವೆ ಮನೆಯಲ್ಲಿ ಚಿಕ್ಕಪ್ಪ “ಬಿಟ್ಟಿ ದುಡ್ಡು ಕೊಟ್ಟು ಜನರನ್ನ ಸೋಮಾರಿ ಮಾಡ್ತಿದ್ದಾರೆ” ಅಂದರು. ಅವರು ಸರ್ಕಾರಿ ಕೆಲಸದಿಂದ ರಿಟೈರ್ ಆದವರು. ಅಜ್ಜಿ ಪಕ್ಕದಲ್ಲೇ ಕೂತಿದ್ದಳು, ಪಾಯಸ ಬರುವ ಮೊದಲೇ ಎಲೆ ಮಡಚಿ ಎದ್ದಳು. ಈ ಯೋಜನೆ ಬಂದಿದ್ದು ಬರೀ ಓಟಿಗಾಗಿಯಾ?

ಉತ್ತರ: ಓಟಿನ ಲೆಕ್ಕ ಇಲ್ಲ ಅಂತ ನಾನು ಹೇಳೋಲ್ಲ ಮೇಡಂ. ಈ ಕಥೆ ಶುರುವಾಗಿದ್ದೇ ರಾಜಕೀಯದಿಂದ. 1889ರಲ್ಲಿ ಜರ್ಮನಿಯ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಬಿಸ್ಮಾರ್ಕ್ ಕಾರ್ಮಿಕರಿಗೆ ವೃದ್ಧಾಪ್ಯ ಪಿಂಚಣಿಯ ಕಾನೂನು ತಂದ. ಅವನೇನು ಕರುಣಾಮಯಿ ಅಲ್ಲ. ಕಾರ್ಖಾನೆ ಕೆಲಸಗಾರರು ಸಮಾಜವಾದಿಗಳ ಕಡೆ ವಾಲುತ್ತಿದ್ದರು, ಅವರನ್ನು ಈ ಕಡೆ ಹಿಡಿದಿಡಬೇಕಿತ್ತು. ಕೆಲಸಗಾರ ಒಂದಿಷ್ಟು, ಮಾಲೀಕ ಒಂದಿಷ್ಟು ಕಟ್ಟಬೇಕು, ಸರ್ಕಾರವೂ ಸ್ವಲ್ಪ ಸೇರಿಸುತ್ತದೆ. ವಯಸ್ಸು ಮಾತ್ರ 70 ಆಗಬೇಕು! ಆ ಕಾಲದಲ್ಲಿ ಕೂಲಿ ಮಾಡಿ ಅಷ್ಟು ವರ್ಷ ಬದುಕಿದವರು ಎಷ್ಟು ಜನ, ನೀವೇ ಯೋಚಿಸಿ.

ಇನ್ನೊಬ್ಬರು: ಸರ್, ಕಟ್ಟಿದವರಿಗೆ ವಾಪಸ್ ಕೊಡೋದು ಸರಿ. ಏನೂ ಕಟ್ಟದವರಿಗೆ ಯಾಕೆ ಕೊಡಬೇಕು? ಸುಮ್ನೆ ಕೇಳ್ತಿದ್ದೀನಿ, ತಪ್ಪು ತಿಳೀಬೇಡಿ.

ಉತ್ತರ: ತಪ್ಪೇನಿಲ್ಲ ತಮ್ಮಾ. ಬ್ರಿಟನ್ನಿನಲ್ಲೂ ಇದೇ ಜಗಳ ಆಗಿತ್ತು. ಮನೆಗೆಲಸದವಳು, ಹೊಲದ ಆಳು ಇವರ ಸಂಬಳದಲ್ಲಿ ಹಿಡಿಯೋಕೆ ಏನಿದೆ? ಅದಕ್ಕೇ 1908ರ ಕಾನೂನಿನಲ್ಲಿ ಏನೂ ಕಟ್ಟಿಸಿಕೊಳ್ಳದೆ, 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್ ಕೊಟ್ಟರು. 1909ರ ಜನವರಿ 1ರಿಂದ ಪೋಸ್ಟ್ ಆಫೀಸಿನಲ್ಲಿ ಹಂಚಿದರು. ಆದರೆ ನಡತೆಯ ಪರೀಕ್ಷೆ ಇಟ್ಟಿದ್ದರು. ಶಕ್ತಿ ಇದ್ದೂ ದುಡಿಯದವರು, ಜೈಲಿಗೆ ಹೋಗಿಬಂದವರು ಅಂದರೆ ಕೊಡುತ್ತಿರಲಿಲ್ಲ. ‘ಸೋಮಾರಿ’ ಅನ್ನುವ ಮಾತು ಆಗಲೂ ಇತ್ತು ಅನ್ನಿ.

ನಮ್ಮಲ್ಲಿ ಸಂವಿಧಾನದ 41ನೇ ವಿಧಿಯೇ ಮುಪ್ಪಿನಲ್ಲಿ, ಕಾಯಿಲೆಯಲ್ಲಿ ಸರ್ಕಾರ ನೆರವಾಗಬೇಕು ಅನ್ನುತ್ತದೆ. ‘ಆರ್ಥಿಕ ಶಕ್ತಿಯ ಮಿತಿಯಲ್ಲಿ’ ಅಂತಲೂ ಸೇರಿಸುತ್ತದೆ, ಕೋರ್ಟಿಗೆ ಹೋಗಿ ಕೇಳುವ ಹಾಗಿಲ್ಲ. ಉತ್ತರ ಪ್ರದೇಶ 1957ರಲ್ಲೇ ಶುರು ಮಾಡಿತು. ಕೇಂದ್ರ ಕೈ ಹಾಕಿದ್ದು 1995ರ ಆಗಸ್ಟ್ 15ರಂದು, 65 ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ.

ಈ ‘ನಿರ್ಗತಿಕ’ ಅನ್ನುವ ಪದ ನೋಡಿ, ನಾನು ಸರ್ವೀಸಿನಲ್ಲಿ ಅತಿ ಹೆಚ್ಚು ಬೇಜಾರು ಮಾಡಿಕೊಂಡಿದ್ದು ಇದರಿಂದಲೇ. ಸ್ವಂತ ಆದಾಯವೂ ಇರಬಾರದು, ಮನೆಯವರ ಆಸರೆಯೂ ಇರಬಾರದು. ಹಾಗಾಗಿ ಎಲ್ಲರಿಗೂ ಮೊದಲು ಕೇಳುವುದು “ಮಗ ಇದ್ದಾನಾ?” ಅಂತ. ಒಬ್ಬ ಅಜ್ಜಿ ನನ್ನ ಮೇಜಿನ ಮುಂದೆ ನಿಂತಿದ್ದಳು. ವಯಸ್ಸೆಷ್ಟು ಅಂದರೆ “ಗಾಂಧಿ ಸತ್ತಾಗ ನನಗೆ ಮದುವೆ ಗೊತ್ತಾಗಿತ್ತು” ಅಂದಳು. ಮಗ ನೋಡಿಕೊಳ್ಳುವುದಿಲ್ಲ ಅಂತ ಬರೆಸಿ ಹೆಬ್ಬೆಟ್ಟು ಒತ್ತು ಅಂದೆ. ಆಕೆ ಬಾಗಿಲ ಕಡೆ ತಿರುಗಿ ನೋಡಿದಳು. ಮಗ ಅಲ್ಲೇ ನಿಂತಿದ್ದ, ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದವನೇ ಅವನು. ಹೆಬ್ಬೆಟ್ಟು ಒತ್ತದೆ ಹೋದಳು. 2007ರಲ್ಲಿ ಆ ಷರತ್ತು ತೆಗೆದು ಬಿಪಿಎಲ್ ಮನೆಯಾದರೆ ಸಾಕು ಅಂದರು. ಅದೇ ವರ್ಷ ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ 400 ರೂಪಾಯಿಯಿಂದ ಶುರುವಾಯಿತು. 2011ರಲ್ಲಿ ಕೇಂದ್ರದ ವಯಸ್ಸು 60ಕ್ಕೆ ಇಳಿಯಿತು.

ಇನ್ನೊಬ್ಬರು: ಹಾಗಾದ್ರೆ 1,200 ಪೂರ್ತಿ ಕೇಂದ್ರದ್ದಲ್ವಾ?

ಉತ್ತರ: ಅಲ್ಲವೇ ಅಲ್ಲ. ಸಂಧ್ಯಾ ಸುರಕ್ಷಾ ರಾಜ್ಯದ್ದೇ ಯೋಜನೆ. ಕೇಂದ್ರದ ವೃದ್ಧಾಪ್ಯ ಪಿಂಚಣಿಯಲ್ಲೂ 60ರಿಂದ 79ರವರೆಗಿನವರಿಗೆ ಕೇಂದ್ರದ ಪಾಲು ತಲೆಗೆ 200 ರೂಪಾಯಿ, 80 ಆದವರಿಗೆ 500. ಆ 200 ಇದ್ದಲ್ಲೇ ಇದೆ, 2007ರಿಂದ ಅಲ್ಲಾಡಿಲ್ಲ. ಆಗಿನ ಅಕ್ಕಿ ರೇಟು ನೆನಪಿದ್ದರೆ ಹೇಳಿ. ಉಳಿದ ಭಾರ ರಾಜ್ಯದ ಮೇಲೆ.

ಚಿಕ್ಕಪ್ಪನವರಿಗೂ ಒಂದು ಮಾತು. ನನಗೂ ಪಿಂಚಣಿ ಬರುತ್ತದೆ, ಈ 1,200ರ ಎಷ್ಟೋ ಪಟ್ಟು. ಹಳೇ ಪದ್ಧತಿಯವನು ನಾನು, ಅದಕ್ಕೆಂದು ನನ್ನ ಸಂಬಳದಲ್ಲಿ ಹಿಡಿದಿದ್ದು ಏನೂ ಇಲ್ಲ. ಡಿಎ (ತುಟ್ಟಿಭತ್ಯೆ) ಕೂಡ ಏರುತ್ತದೆ. ಅದನ್ನು ಯಾರೂ ಬಿಟ್ಟಿ ಅನ್ನಲ್ಲ, ದುಡಿದಿದ್ದಾರೆ ಅಂತಾರೆ. ನಿಮ್ಮ ಅಜ್ಜಿ ನಾಟಿ, ಕಳೆ, ಕೊಯ್ಲು ಅಂತ ಎಷ್ಟು ವರ್ಷ ಬೆನ್ನು ಬಗ್ಗಿಸಿದ್ದಾರೋ, ಅದನ್ನು ಬರೆದಿಡೋಕೆ ಸರ್ವೀಸ್ ರಿಜಿಸ್ಟರ್ ಇರಲಿಲ್ಲ ಅಷ್ಟೇ.

ಅಂದಹಾಗೆ, ‘ಬರುತ್ತಿತ್ತು’ ಅಂದಿರಲ್ಲ. ಈಗ ಬರ್ತಿಲ್ವಾ?

ಪ್ರಶ್ನೆ ಕೇಳಿದವರು: ನಾಲ್ಕು ತಿಂಗಳಿಂದ ಇಲ್ಲ ಸರ್. ನಿಲ್ಲಿಸಿಬಿಟ್ಟರು ಅಂದುಕೊಂಡು ಅಜ್ಜಿ ಕೇಳುವುದನ್ನೇ ಬಿಟ್ಟಿದ್ದಾಳೆ.

ಉತ್ತರ: ಈ ನಡುವೆ ಹೊಸ ಖಾತೆ ತೆರೆಸಿದ್ರಾ? ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆ ಆಗಿದೆಯೋ ದುಡ್ಡು ಅಲ್ಲಿಗೆ ಹೋಗುತ್ತದೆ. ಮೊದಲು ಅದನ್ನು ನೋಡಿ. ಅಲ್ಲೂ ಇಲ್ಲದಿದ್ದರೆ ಮಂಜೂರಾತಿ ಪತ್ರ, ಆಧಾರ್, ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ಹೋಗಿ, ಯಾಕೆ ನಿಂತಿದೆ ಅಂತ ಕೇಳಿ. ಅಜ್ಜಿಯನ್ನೂ ಕರೆದುಕೊಂಡು ಹೋಗಿ, ತೀರಿಕೊಂಡಿದ್ದಾರೆ ಅಂತ ಎಂಟ್ರಿ ಆಗಿದ್ದರೆ ಎದುರಿಗೇ ನಿಲ್ಲಿಸಬಹುದು. ತಮಾಷೆ ಅಲ್ಲ, ಹಾಗೂ ಆಗುತ್ತದೆ.

ಪ್ರಶ್ನೆ ಕೇಳಿದವರು (ಎರಡು ದಿನದ ನಂತರ): ಸಿಕ್ಕಿತು ಸರ್! ಉಳಿತಾಯ ಸಂಘದ ಸಲುವಾಗಿ ತೆರೆಸಿದ್ದ ಖಾತೆಗೆ ಹೋಗಿತ್ತು, 4,800 ಹಾಗೇ ಇದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿ ತೋರಿಸಿದೆ. ಅಜ್ಜಿ ಅದನ್ನು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡು “ನಿಮ್ಮ ಚಿಕ್ಕಪ್ಪಂಗೆ ಹೇಳಬೇಡ” ಅಂದಳು. ಆಮೇಲೆ ಅವಳೇ “ಹೇಳು ಬಿಡು” ಅಂದಳು.